ಒಂದು ಬೈಟಿನ ಸುಳ್ಳು

ಮೊದಲು ಪರದೆಯ ಕಡೆ ನೋಡಿ. ಎಡಗಡೆ ಒಂದು ಬ್ಯಾಶ್ ಶೆಲ್, ಅಂದರೆ ಆದೇಶ ಬರೆದು ಕೊಡುವ ಕಿಟಕಿ, ತೆರೆದಿಟ್ಟಿದ್ದೇನೆ, ಕರ್ಸರ್ ಮಿನುಗುತ್ತ ಕಾಯುತ್ತಿದೆ. ಬಲಗಡೆ ರೂಟ್ ಅಧಿಕಾರದಲ್ಲಿ (ಯಂತ್ರದ ಮೇಲಿನ ಪೂರ್ತಿ ಅಧಿಕಾರ ಅದು) ಬಿಪಿಎಫ್‌ಟ್ರೇಸ್ ಎಂಬ ಉಪಕರಣ. ಅದಕ್ಕೆ ನಾನು ಹೇಳುವುದು ಇಷ್ಟೇ: ಬ್ಯಾಶ್ ಕಡತದೊಳಗೆ ನಾವು ಬರೆದ ಸಾಲನ್ನು ಓದುವ ರೀಡ್‌ಲೈನ್ ಎಂಬ ಫಂಕ್ಷನ್ ಇದೆ, ಅದು ಮುಗಿದಾಗಲೆಲ್ಲ ಏನನ್ನು ಹಿಂದಿರುಗಿಸಿತು ಎಂದು ಮುದ್ರಿಸು. ಈಗ ಎಡಗಡೆ ದಿನಾಂಕ ಕೇಳುತ್ತೇನೆ. ದಿನಾಂಕ ಬಂತು. ಬಲಗಡೆ ಮಾತ್ರ ಏನೂ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಡೆಮೊ ಕೆಟ್ಟಿಲ್ಲ, ನಿಲ್ಲಿ. ಇನ್ನೊಮ್ಮೆ ಕೇಳುತ್ತೇನೆ. ಈಗ ಬಲಗಡೆಯೂ ಬಂತು. ಇನ್ನು ಮುಂದೆ ಪ್ರತಿ ಬಾರಿಯೂ ಬರುತ್ತದೆ. ಮೊದಲನೆಯದು ಮಾತ್ರ ಏಕೆ ತಪ್ಪಿಸಿಕೊಂಡಿತು ಎಂಬ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಳ್ಳಿ, ಕೊನೆಯ ಹೊತ್ತಿಗೆ ಅದನ್ನು ತೆಗೆಯೋಣ.

ಈ ಬ್ಯಾಶನ್ನು ನಾನು ಮತ್ತೆ ಕಂಪೈಲ್ ಮಾಡಿಲ್ಲ, ನಿಲ್ಲಿಸಿ ಮತ್ತೆ ಶುರು ಮಾಡಿಲ್ಲ, ಡೀಬಗರ್ ಅಂಟಿಸಿಲ್ಲ. ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂಬುದೂ ಅದಕ್ಕೆ ಗೊತ್ತಿಲ್ಲ. ಇದನ್ನು ಸಾಧ್ಯ ಮಾಡುವ ಲಿನಕ್ಸ್ ಕರ್ನಲ್‌ನ, ಅಂದರೆ ಎಲ್ಲ ಪ್ರೋಗ್ರಾಂಗಳನ್ನೂ ನಡೆಸುವ ತಿರುಳಿನ, ಭಾಗಕ್ಕೆ ಯುಪ್ರೋಬ್ ಎಂದು ಹೆಸರು. ಹೀಗೆ ಇಣುಕಲು ನೆಡುವ ಒಂದೊಂದು ಗುರುತೂ ಒಂದು ಪ್ರೋಬ್. ನಮ್ಮ ಕಡೆ ಒಂದು ಗಾದೆಯಿದೆಯಲ್ಲ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು. ಯುಪ್ರೋಬ್‌ನ ಕಥೆ ಅದರ ತಿರುವು. ಇಲ್ಲಿ ಮೊದಲು ಹೇಳುವುದು ಒಂದೇ ಸುಳ್ಳು, ಅದೂ ಒಂದು ಬೈಟಿನಷ್ಟು. ಅದನ್ನು ಉಳಿಸಿಕೊಳ್ಳಲು ಕರ್ನಲ್ ಮುಂದೆ ಎಷ್ಟೊಂದು ಸುಳ್ಳು ಹೇಳಬೇಕಾಗುತ್ತದೆ ಎಂಬುದೇ ಇಂದಿನ ಮಾತು.

ಇದರ ಹಿಂದಿನ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಓಡುತ್ತಿರುವ ವ್ಯವಸ್ಥೆಯೊಳಗೆ ಇಣುಕುವ ಆಸೆ ಹಳೆಯದು. 2005ರಲ್ಲಿ ಬಂದ ಸೋಲಾರಿಸ್ 10 ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಇದಕ್ಕೆಂದೇ ಡಿಟ್ರೇಸ್ ಎಂಬ ಉಪಕರಣ ಇತ್ತು, ಲಿನಕ್ಸ್‌ನವರಿಗೆ ಅದನ್ನು ನೋಡಿ ಹೊಟ್ಟೆಕಿಚ್ಚೂ ಇತ್ತು. ಲಿನಕ್ಸ್‌ನಲ್ಲಿ ಕರ್ನಲ್‌ನ ಸ್ವಂತ ಫಂಕ್ಷನ್‌ಗಳನ್ನು ನೋಡಲು ಕೆಪ್ರೋಬ್ ಎಂಬುದು 2004ರಲ್ಲೇ, 2.6.9 ಆವೃತ್ತಿಯಲ್ಲಿ, ಸೇರಿತ್ತು. ಆ ಕಡತವನ್ನು ತೆರೆದರೆ ಮೇಲ್ಗಡೆ ವಂಶಿ ಕೃಷ್ಣ, ಪ್ರಸನ್ನ ಪಂಚಮುಖಿ ಎಂಬ ಹೆಸರುಗಳು ಕಾಣುತ್ತವೆ. ಇಬ್ಬರ ವಿಳಾಸವೂ ಐಬಿಎಂನ ಭಾರತದ ಕಚೇರಿಯದು. ಬಳಕೆದಾರರ ಪ್ರೋಗ್ರಾಂಗಳಿಗೆ ಇದೇ ಸೌಲಭ್ಯ ಕೊಡುವ ಯುಪ್ರೋಬ್ ಮಾತ್ರ ಅಧಿಕೃತ ಕರ್ನಲ್ ಸೇರಿದ್ದು 2012ರ 3.5 ಆವೃತ್ತಿಯಲ್ಲಿ. ಅದರ ಲೇಖಕರು ಶ್ರೀಕರ್ ದ್ರೋಣಂರಾಜು ಮತ್ತು ಜಿಮ್ ಕೆನಿಸ್ಟನ್. ಪವರ್‌ಪಿಸಿ ಪ್ರೊಸೆಸರ್‌ಗೆ ಅದನ್ನು ಒಗ್ಗಿಸಿದವರು ಅನಂತ್ ಮಾವಿನಕಾಯನಹಳ್ಳಿ. ಬೀಗ, ಬಿಟ್, ರಿಜಿಸ್ಟರ್ ಎಂದು ಕಣ್ಣು ಕೆಂಪಾಗುವಂತೆ ಓದುತ್ತಿರುವಾಗ ನಡುರಾತ್ರಿ ಆ ಹೆಸರು ಕಂಡು, ಊರಿನವರೊಬ್ಬರು ಬಸ್ ನಿಲ್ದಾಣದಲ್ಲಿ ಸಿಕ್ಕಿದಷ್ಟು ಖುಷಿಯಾಗಿತ್ತು ನನಗೆ.

ಎರಡರ ನಡುವೆ ಎಂಟು ವರ್ಷ ಏಕೆ ಹಿಡಿಯಿತು? ಕೆಪ್ರೋಬ್ ತನ್ನ ಮನೆಯಲ್ಲೇ ಓಡಾಡುತ್ತದೆ. ಯುಪ್ರೋಬ್ ಇನ್ನೊಬ್ಬರ ಮನೆಗೆ ಹೋಗಿ, ಅಲ್ಲಿನ ಪಾತ್ರೆ ಪಗಡೆ ಒಂದಿಷ್ಟೂ ಅಲುಗದಂತೆ ನೋಡಿ ಬರಬೇಕು. ಆ ಮನೆಯವರು ಯಾವ ಗಳಿಗೆಯಲ್ಲಿ ಏನು ಮಾಡುತ್ತಾರೆ ಎಂಬುದು ಕರ್ನಲ್‌ನ ಹಿಡಿತದಲ್ಲಿಲ್ಲ.

ಸರಿ, ಆ ಒಂದು ಬೈಟಿಗೆ ಬರೋಣ. ನಿಮ್ಮ ಪ್ರೋಗ್ರಾಂನಲ್ಲಿ ಒಂದು ಫಂಕ್ಷನ್ ಇದೆ. ಎಕ್ಸ್86, ಅಂದರೆ ಇಂಟೆಲ್ ಬಗೆಯ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಅದರ ಮೊದಲ ಸೂಚನೆ ಬಹಳ ಸಲ ಒಂದು ರಿಜಿಸ್ಟರನ್ನು, ಅಂದರೆ ಪ್ರೊಸೆಸರ್ ಕೈಯಲ್ಲಿ ಹಿಡಿದ ಒಂದು ಬೆಲೆಯನ್ನು, ಸ್ಟ್ಯಾಕ್ ಎಂಬ ಮೆಮೊರಿ ರಾಶಿಯ ಮೇಲೆ ತಳ್ಳುವುದು. ಹದಿನಾರರ ಲೆಕ್ಕದಲ್ಲಿ ಬರೆದರೆ 55. ಆ 55ರ ಜಾಗದಲ್ಲಿ ಕರ್ನಲ್ ಸಿಸಿ ಎಂಬ ಬೈಟನ್ನು ಇಡುತ್ತದೆ. ಸಿಸಿ ಎಂದರೆ ಬ್ರೇಕ್‌ಪಾಯಿಂಟ್. ಪ್ರೊಸೆಸರ್ ಅದನ್ನು ಮುಟ್ಟಿದ ಕೂಡಲೇ ಕೆಲಸ ನಿಲ್ಲಿಸಿ ಕರ್ನಲ್‌ನ ಬಾಗಿಲು ತಟ್ಟುತ್ತದೆ. ಡೀಬಗರ್‌ಗಳು ದಶಕಗಳಿಂದ ಬಳಸುವ ಉಪಾಯವೇ ಇದು, ಹೊಸದೇನೂ ಇಲ್ಲ.

ಆದರೆ ಎಲ್ಲಿ ಬರೆಯುವುದು? ಡಿಸ್ಕ್ ಮೇಲಿನ ಕಡತದಲ್ಲಿ ಬರೆಯುವಂತಿಲ್ಲ, ಕಡತ ಕೆಟ್ಟುಹೋಗುತ್ತದೆ. ಮೆಮೊರಿಯಲ್ಲೂ ಸುಮ್ಮನೆ ಬರೆಯುವಂತಿಲ್ಲ. ಸಿ ಲೈಬ್ರರಿಯಂಥ ಕಡತದ ಒಂದು ಪುಟವನ್ನು ಯಂತ್ರದ ಬಹುತೇಕ ಎಲ್ಲ ಪ್ರೋಸೆಸ್‌ಗಳೂ, ಅಂದರೆ ಓಡುತ್ತಿರುವ ಪ್ರೋಗ್ರಾಂಗಳೂ, ಹಂಚಿಕೊಂಡಿರುತ್ತವೆ. ಅದೇ ಪುಟ ಕಡತದ ಅಧಿಕೃತ ಪ್ರತಿಯೂ ಹೌದು. ಹಾಗಾಗಿ ಕರ್ನಲ್ ಆ 4096 ಬೈಟಿನ ಪುಟಕ್ಕೆ ಒಂದು ಖಾಸಗಿ ನಕಲು ತೆಗೆಯುತ್ತದೆ, ನಕಲಿನಲ್ಲಿ ಸಿಸಿ ಬರೆಯುತ್ತದೆ, ಆಮೇಲೆ ಆ ಪ್ರೋಸೆಸ್‌ನ ಪುಟಪಟ್ಟಿಯಲ್ಲಿ ಮೂಲದ ಬದಲು ನಕಲನ್ನು ತೂರಿಸುತ್ತದೆ. ಕಡತ ಓದಿದವರಿಗೆ 55 ಕಾಣುತ್ತದೆ, ಓಡಿಸಿದವರಿಗೆ ಸಿಸಿ ಸಿಗುತ್ತದೆ. ಸಾವಿರ ಪ್ರೋಸೆಸ್‌ಗಳಿದ್ದರೆ ಸಾವಿರ ನಕಲು, ಅಂದರೆ ಸುಮಾರು ನಾಲ್ಕು ಮೆಗಾಬೈಟ್. ಆ ಬೆಲೆ ದೊಡ್ಡದಲ್ಲ. ಆದರೆ ತನ್ನ ಯಂತ್ರಭಾಷೆಯನ್ನು ತಾನೇ ಓದಿ ಪರೀಕ್ಷಿಸಿಕೊಳ್ಳುವ ಪ್ರೋಗ್ರಾಂಗಳಿವೆ, ಯಾರಾದರೂ ತಿದ್ದಿದ್ದಾರೆಯೇ ಎಂದು. ಅವುಗಳ ಮುಂದೆ ಈ ಸುಳ್ಳು ನಡೆಯುವುದಿಲ್ಲ.

ಈಗ ಗಮನವಿಟ್ಟು ಕೇಳಿ, ಬಹಳ ಜನ ಎಡವುವುದು ಇಲ್ಲೇ. ಯುಪ್ರೋಬ್ ಯಾರದು? ಪ್ರೋಸೆಸ್‌ನದಲ್ಲ. ಕಡತದ ಹೆಸರಿನದೂ ಅಲ್ಲ. ಅದು ಇನೋಡ್‌ಗೆ, ಅಂದರೆ ಹೆಸರಿನ ಹಿಂದಿರುವ ನಿಜವಾದ ಕಡತಕ್ಕೆ, ಸೇರಿದ್ದು, ಜೊತೆಗೆ ಆ ಕಡತದ ಆರಂಭದಿಂದ ಇಷ್ಟನೆಯ ಬೈಟ್ ಎಂಬ ದೂರಕ್ಕೆ ಸೇರಿದ್ದು. ಯುಪ್ರೋಬ್‌ನ ಮೊದಲ ಅವತಾರದಲ್ಲಿ ಪ್ರೋಸೆಸ್ ಮತ್ತು ಅದರೊಳಗಿನ ವಿಳಾಸ ಎಂಬ ಲೆಕ್ಕವಿತ್ತು. ಕರ್ನಲ್‌ಗೆ ಸೇರಿದ ಆವೃತ್ತಿ ಅದನ್ನು ಬಿಟ್ಟು ಕಡತಕ್ಕೆ ಬಂತು. ಈ ಜೋಡಿಯನ್ನು ಕರ್ನಲ್ ಒಂದು ಮರದಂಥ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ನೀವು ಪ್ರೋಬ್ ನೋಂದಾಯಿಸಿದಾಗ, ಈ ಕಡತವನ್ನು ಈಗಾಗಲೇ ಯಾರು ಯಾರು ತಮ್ಮ ಮೆಮೊರಿಗೆ ಹಾಸಿಕೊಂಡಿದ್ದಾರೆ ಎಂದು ಹುಡುಕಿ ಒಬ್ಬೊಬ್ಬರಲ್ಲೂ ಸಿಸಿ ನೆಡುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ನಾಳೆ ಬೆಳಿಗ್ಗೆ ಹುಟ್ಟುವ ಪ್ರೋಸೆಸ್ ಆ ಕಡತವನ್ನು ಹಾಸಿಕೊಂಡರೆ? ಅದಕ್ಕೂ ಆಗಲೇ ನೆಡಬೇಕು. ಆದ್ದರಿಂದ ಮೆಮೊರಿ ಹಾಸುವ ದಾರಿಯಲ್ಲೇ ಯುಪ್ರೋಬ್‌ನ ಒಂದು ಚೌಕಿಯಿದೆ. ನೋಂದಣಿ ನಡೆಯುತ್ತಿರುವ ಹೊತ್ತಿಗೇ ಒಂದು ಪ್ರೋಸೆಸ್ ಫೋರ್ಕ್ ಆಗಿ ಎರಡಾದರೆ ಮಗು ಎಣಿಕೆಯಿಂದ ತಪ್ಪಬಹುದಲ್ಲ? ಅದನ್ನು ತಡೆಯಲೆಂದೇ ಒಂದು ಪ್ರತ್ಯೇಕ ಬೀಗವಿದೆ. ಇಷ್ಟೆಲ್ಲ ಇದ್ದರೂ ಯಾವ ಪ್ರೋಬೂ ಇಲ್ಲದ ಸಾಮಾನ್ಯ ಪ್ರೋಸೆಸ್‌ಗಳು ನಿಧಾನವಾಗಬಾರದು, ಹಾಗಾಗಿ ಪ್ರತಿ ಮೆಮೊರಿ ನಕ್ಷೆಗೂ ಇಲ್ಲಿ ಪ್ರೋಬ್ ಇರಬಹುದು ಎಂಬ ಒಂದು ಬಿಟ್ ಗುರುತು ಮಾತ್ರ ಅಂಟಿಸಿರುತ್ತಾರೆ.

ಕಡತಕ್ಕೆ ಸೇರಿದ್ದು ಎಂಬ ಮಾತಿನ ಪರಿಣಾಮವನ್ನು ನಾನು ಒಂದಿಡೀ ದಿನ ಕಳೆದುಕೊಂಡು ಕಲಿತೆ. ಒಂದು ಸರ್ವರ್‌ನಲ್ಲಿ, ಜಾಲದ ಮಾತನ್ನು ಗೂಢಲಿಪಿಗೆ ತಿರುಗಿಸುವ ಟಿಎಲ್‌ಎಸ್ ಲೈಬ್ರರಿಯ ಬರೆಯುವ ಫಂಕ್ಷನ್‌ಗೆ ಪ್ರೋಬ್ ಹಾಕಿದ್ದೆ. ಗೂಢಲಿಪಿಗೆ ಹೋಗುವ ಮುನ್ನ ಹೊರಹೋಗುವ ಕೋರಿಕೆಗಳು ಎಷ್ಟು ಉದ್ದವಿವೆ ಎಂದು ನೋಡಬೇಕಿತ್ತು. ಪ್ರೋಬ್ ಸರಿಯಾಗಿ ಕುಳಿತಿತು, ದೋಷ ಏನೂ ಹೇಳಲಿಲ್ಲ, ಆದರೆ ಎಣಿಕೆ ಸೊನ್ನೆ. ಸರ್ವರ್ ಮಾತ್ರ ಸೆಕೆಂಡಿಗೆ ನೂರಾರು ಕೋರಿಕೆ ಕಳಿಸುತ್ತಿತ್ತು. ಸಂಜೆಯ ಹೊತ್ತಿಗೆ ತಲೆಗೆ ಹೊಳೆಯಿತು: ಆ ಸರ್ವರ್ ಓಡುತ್ತಿದ್ದುದು ಒಂದು ಕಂಟೇನರ್ ಒಳಗೆ, ಅಂದರೆ ತನ್ನದೇ ಕಡತಗಳಿರುವ ಪ್ರತ್ಯೇಕ ಆವರಣದಲ್ಲಿ. ಕಂಟೇನರ್‌ನ ಲೈಬ್ರರಿಯೂ ನಾನು ಪ್ರೋಬ್ ಹಾಕಿದ ಲೈಬ್ರರಿಯೂ ಹೆಸರಿನಲ್ಲಿ ಒಂದೇ, ದಾರಿಯೂ ಒಂದೇ, ಇನೋಡ್ ಬೇರೆ. ಓಡುವ ಪ್ರೋಸೆಸ್‌ಗಳ ವಿವರ ತೋರಿಸುವ ಪ್ರೋಕ್ ಕಡತವ್ಯವಸ್ಥೆಯಲ್ಲಿ ಆ ಪ್ರೋಸೆಸ್‌ನ ರೂಟ್ ಎಂಬ ಕೊಂಡಿಯ ಮೂಲಕ ಒಳಗೆ ಹೋಗಿ ಅಲ್ಲಿನ ಕಡತಕ್ಕೇ ಪ್ರೋಬ್ ಹಾಕಿದಾಗ ಎಣಿಕೆ ಸುರಿಯತೊಡಗಿತು. ಇದರ ಇನ್ನೊಂದು ಮುಖ ನೋಡಿ. ಪದರದ ಮೇಲೆ ಪದರ ಜೋಡಿಸುವ ಓವರ್‌ಲೇ ಕಡತವ್ಯವಸ್ಥೆಯಲ್ಲಿ ಒಂದೇ ಇಮೇಜ್ ಪದರದಿಂದ ಹುಟ್ಟಿದ ಹತ್ತು ಕಂಟೇನರ್‌ಗಳಿಗೆ ಕೆಳಗಿರುವ ನಿಜವಾದ ಇನೋಡ್ ಒಂದೇ. ಒಂದರ ಲೈಬ್ರರಿಗೆ ಪ್ರೋಬ್ ಹಾಕಿದರೆ ಹತ್ತಕ್ಕೂ ತಗಲುತ್ತದೆ. ಮತ್ತೊಂದು: ನೀವು ಪ್ರೋಬ್ ಹಾಕಿ ಮನೆಗೆ ಹೋದಿರಿ, ರಾತ್ರಿ ಪ್ಯಾಕೇಜ್ ನವೀಕರಣ ನಡೆದು ಲೈಬ್ರರಿಯ ಜಾಗದಲ್ಲಿ ಹೊಸ ಕಡತ ಬಂತು. ನಿಮ್ಮ ಪ್ರೋಬ್ ಹಳೆಯ ಇನೋಡ್ ಜೊತೆಗೇ ಉಳಿಯುತ್ತದೆ. ಮರುದಿನ ಎಣಿಕೆ ನಿಧಾನವಾಗಿ ಕಡಿಮೆಯಾಗುತ್ತ ಹೋದರೆ ಗ್ರಾಹಕರು ಕಡಿಮೆಯಾದರು ಎಂದು ತಿಳಿಯಬೇಡಿ, ಹಳೆಯ ಪ್ರೋಸೆಸ್‌ಗಳು ಸಾಯುತ್ತಿವೆ ಅಷ್ಟೇ.

ದೂರದ ವಿಷಯದಲ್ಲಿ ಇನ್ನೂ ಕೆಟ್ಟದಾಗಿ ಬಿದ್ದಿದ್ದೇನೆ. ಕರ್ನಲ್‌ಗೆ ಬೇಕಿರುವುದು ಕಡತದೊಳಗಿನ ದೂರ. ಫಂಕ್ಷನ್ ಹೆಸರುಗಳ ಸಿಂಬಲ್ ಪಟ್ಟಿಯಲ್ಲಿ ಬರೆದಿರುವುದು ಮೆಮೊರಿಯ ವಿಳಾಸ. ನನ್ನ ಯಂತ್ರದಲ್ಲಿ ಕಟ್ಟಿದ ಪ್ರೋಗ್ರಾಂನಲ್ಲಿ ಎರಡೂ ಒಂದೇ ಆಗಿದ್ದವು, ಹಾಗಾಗಿ ಅವು ಯಾವಾಗಲೂ ಒಂದೇ ಎಂದು ನಂಬಿ ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಆಮೇಲೆ ಬೇರೆ ಲಿಂಕರ್‌ನಲ್ಲಿ (ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಉಪಕರಣ ಅದು) ಕಟ್ಟಿದ ಪ್ರೋಗ್ರಾಂ ಬಂತು. ಅದರಲ್ಲಿ ಎರಡರ ನಡುವೆ 4096 ಬೈಟಿನ ಅಂತರ. ನನ್ನ ಸಿಸಿ ಹೋಗಿ ಕುಳಿತದ್ದು ಬೇರೆ ಯಾವುದೋ ಫಂಕ್ಷನ್‌ನ ಒಂದು ಸೂಚನೆಯ ನಡುಹೊಟ್ಟೆಯಲ್ಲಿ. ಎಕ್ಸ್86ನಲ್ಲಿ ಸೂಚನೆಗಳು ಒಂದರಿಂದ ಹದಿನೈದು ಬೈಟ್‌ವರೆಗೆ ಎಷ್ಟು ಉದ್ದವಾದರೂ ಇರಬಹುದು. ಕರ್ನಲ್ ಆ ದೂರದಿಂದ ಓದುತ್ತದೆ, ಅಲ್ಲಿಂದ ಒಂದು ಅರ್ಥವಾಗುವ ಸೂಚನೆ ಸಿಕ್ಕಿದರೆ ಸರಿ ಎನ್ನುತ್ತದೆ. ಅದು ನಿಜಕ್ಕೂ ಸೂಚನೆಯ ಆರಂಭವೇ ಎಂದು ಬಳಕೆದಾರರ ಕಡತದಲ್ಲಿ ಪರೀಕ್ಷಿಸುವುದಿಲ್ಲ. ಆ ಹೊಣೆ ನಮ್ಮದು. ಪ್ರೋಗ್ರಾಂ ಸತ್ತಿತು. ನೋಡುವುದಕ್ಕೆಂದು ಹೋಗಿ ಕೊಂದು ಬಂದ ಹಾಗಾಯಿತು. ಅಂದಿನಿಂದ ನಾನು ದೂರವನ್ನು ಕೈಯಲ್ಲಿ ಲೆಕ್ಕ ಹಾಕುವುದಿಲ್ಲ, ಪರ್ಫ್ ಎಂಬ ಉಪಕರಣಕ್ಕೋ ಬಿಪಿಎಫ್‌ಟ್ರೇಸ್‌ಗೋ ಫಂಕ್ಷನ್‌ನ ಹೆಸರು ಕೊಟ್ಟು ಅವಕ್ಕೇ ಬಿಡುತ್ತೇನೆ.

ಪ್ರೋಬ್ ಸರಿಯಾದ ಜಾಗದಲ್ಲೇ ಕುಳಿತಿದೆ ಎಂದುಕೊಳ್ಳಿ. ಒಂದು ಥ್ರೆಡ್, ಅಂದರೆ ಪ್ರೋಗ್ರಾಂನೊಳಗಿನ ಒಂದು ಓಟ, ಓಡುತ್ತ ಬಂದು ಸಿಸಿ ಮೇಲೆ ಕಾಲಿಟ್ಟಿತು. ಪ್ರೊಸೆಸರ್ ಕರ್ನಲ್‌ಗೆ ಜಿಗಿಯಿತು. ಪ್ರೋಬ್ ತಗಲಿದಾಗ ನಡೆಯಲೆಂದು ನೀವು ಬರೆದ ಹ್ಯಾಂಡ್ಲರನ್ನು ತಕ್ಷಣ ಅಲ್ಲೇ ಕರೆಯಬಹುದಿತ್ತಲ್ಲ ಎಂದು ಅನ್ನಿಸುತ್ತದೆ. ಕರೆಯುವುದಿಲ್ಲ. ಅದು ಟ್ರ್ಯಾಪ್, ಅಂದರೆ ಇಂಥ ದಿಢೀರ್ ಜಿಗಿತ, ಸಂಭಾಳಿಸುವ ಇಕ್ಕಟ್ಟಿನ ಜಾಗ, ಅಲ್ಲಿ ನಿದ್ದೆ ಹೋಗುವಂತಿಲ್ಲ. ಆದರೆ ಯುಪ್ರೋಬ್‌ನ ಕೆಲಸದಲ್ಲಿ ನಿದ್ದೆಗೆ ಕಾರಣಗಳು ಬೇಕಾದಷ್ಟಿವೆ: ಬಳಕೆದಾರನ ಪುಟ ಮೆಮೊರಿಯಲ್ಲಿ ಇಲ್ಲದಿರಬಹುದು, ಬೀಗಕ್ಕಾಗಿ ಕಾಯಬೇಕಾಗಬಹುದು. ಹಾಗಾಗಿ ಆ ಗಳಿಗೆಯಲ್ಲಿ ಕರ್ನಲ್ ಥ್ರೆಡ್‌ನ ಹಣೆಗೆ ಒಂದು ಗುರುತು ಹಚ್ಚಿ ಬಿಟ್ಟುಬಿಡುತ್ತದೆ. ಥ್ರೆಡ್ ಮತ್ತೆ ತನ್ನ ಪ್ರೋಗ್ರಾಂಗೆ ಹೊರಡುವ ಹೊಸ್ತಿಲಲ್ಲಿ ಆ ಗುರುತು ನೋಡಿ, ನಿಲ್ಲಪ್ಪ, ಒಂದು ಕೆಲಸ ಬಾಕಿಯಿದೆ ಎಂದು ಹಿಡಿದುಕೊಳ್ಳುತ್ತದೆ. ಹ್ಯಾಂಡ್ಲರ್ ನಡೆಯುವುದು ಆ ಹೊಸ್ತಿಲಲ್ಲಿ. ಅಲ್ಲಿ ನಿದ್ದೆ ಮಾಡಬಹುದು, ಕಾಯಬಹುದು.

ಆ ಹೊಸ್ತಿಲಲ್ಲಿ ಒಂದು ಚೆಂದದ ಗೊಂದಲವಿದೆ, ಹೇಳಲೇಬೇಕು. ಥ್ರೆಡ್ ಸಿಸಿ ತುಳಿದದ್ದಕ್ಕೂ ಕರ್ನಲ್ ತನ್ನ ಪಟ್ಟಿ ತೆರೆಯುವುದಕ್ಕೂ ನಡುವೆ ಕೂದಲೆಳೆಯಷ್ಟು ಸಮಯವಿದೆ. ಅಷ್ಟರಲ್ಲಿ ನೀವು ಬಲಗಡೆಯ ಕಿಟಕಿಯಲ್ಲಿ ಕಂಟ್ರೋಲ್ ಸಿ ಒತ್ತಿ ಪ್ರೋಬ್ ತೆಗೆದುಬಿಟ್ಟಿರಿ. ಕರ್ನಲ್ ಪಟ್ಟಿ ನೋಡುತ್ತದೆ, ಈ ವಿಳಾಸಕ್ಕೆ ಯಾವ ಪ್ರೋಬೂ ಇಲ್ಲ. ಹಾಗಾದರೆ ಈ ಬ್ರೇಕ್‌ಪಾಯಿಂಟ್ ಯಾರದು? ಪ್ರೋಗ್ರಾಂನವರೇ ಬರೆದದ್ದಾದರೆ ಅದಕ್ಕೆ ಟ್ರ್ಯಾಪ್ ಸಿಗ್ನಲ್ ಕಳಿಸಬೇಕು, ಸಾಮಾನ್ಯವಾಗಿ ಅದು ಸಾಯುತ್ತದೆ. ನಮ್ಮದೇ ಆಗಿದ್ದರೆ ಸಿಗ್ನಲ್ ಕಳಿಸುವುದು ಕೊಲೆ. ಕರ್ನಲ್ ಮಾಡುವುದು ಸರಳ: ಆ ವಿಳಾಸದ ಬೈಟನ್ನು ಮತ್ತೊಮ್ಮೆ ಓದುತ್ತದೆ. ಇನ್ನೂ ಸಿಸಿಯೇ ಇದ್ದರೆ ಅದು ಪ್ರೋಗ್ರಾಂನದು, ಸಿಗ್ನಲ್ ಹೋಗಲಿ. ಸಿಸಿ ಇಲ್ಲದಿದ್ದರೆ ಅದು ನಮ್ಮದೇ ಆಗಿತ್ತು, ಈಗ ಹೋಗಿದೆ. ಥ್ರೆಡ್ಡನ್ನು ಒಂದು ಬೈಟ್ ಹಿಂದಕ್ಕೆ ನಿಲ್ಲಿಸಿ ಮತ್ತೆ ಓಡು ಎನ್ನುತ್ತದೆ. ಕಳ್ಳ ಬಿಟ್ಟುಹೋದ ಚಪ್ಪಲಿ ನೋಡಿ ಬಂದವನು ಯಾರು ಎಂದು ಹೇಳುವ ಹಾಗೆ.

ಹ್ಯಾಂಡ್ಲರ್ ಮುಗಿಯಿತು, ಇನ್ನು ಥ್ರೆಡ್ ಮುಂದೆ ಹೋಗಬೇಕು. ಹೇಗೆ? ನಾವು ಅಳಿಸಿದ ಆ 55ನ್ನು ಈಗ ಯಾರಾದರೂ ನಡೆಸಬೇಕಲ್ಲ. ಡೀಬಗರ್ ಆದರೆ ಸಿಸಿ ತೆಗೆದು 55 ಇಟ್ಟು, ಒಂದು ಹೆಜ್ಜೆ ನಡೆಸಿ, ಮತ್ತೆ ಸಿಸಿ ಇಡುತ್ತದೆ. ಅದು ಎಲ್ಲ ಥ್ರೆಡ್‌ಗಳನ್ನೂ ನಿಲ್ಲಿಸಿಟ್ಟಿರುತ್ತದೆ, ಹಾಗಾಗಿ ನಡೆಯುತ್ತದೆ. ಇಲ್ಲಿ ಯಾರನ್ನೂ ನಿಲ್ಲಿಸುವಂತಿಲ್ಲ. ಜಾತ್ರೆಯ ಗೇಟಿನಲ್ಲಿ ಟಿಕೆಟ್ ನೋಡುವವನು ಒಬ್ಬರಿಗಾಗಿ ಗೇಟನ್ನೇ ಪೂರ್ತಿ ತೆರೆದಿಟ್ಟರೆ ಹಿಂದಿನ ಐವತ್ತು ಜನ ಟಿಕೆಟ್ ಇಲ್ಲದೆ ನುಗ್ಗುತ್ತಾರೆ. ಸಿಸಿ ಇಲ್ಲದ ಆ ಒಂದು ಕ್ಷಣದಲ್ಲಿ ಉಳಿದ ಥ್ರೆಡ್‌ಗಳು ನಮ್ಮ ಕಣ್ಣಿಗೆ ಬೀಳದೆ ದಾಟಿಬಿಡುತ್ತವೆ.

ಹಾಗಾಗಿ ಕರ್ನಲ್ ಹೆಬ್ಬಾಗಿಲನ್ನು ಮುಟ್ಟುವುದೇ ಇಲ್ಲ, ಪಕ್ಕದಲ್ಲಿ ಒಂದು ದಿಡ್ಡಿ ಬಾಗಿಲು ಕೊರೆಯುತ್ತದೆ. ಪ್ರೋಸೆಸ್‌ನ ವಿಳಾಸ ಜಾಗದಲ್ಲಿ ತಾನೇ ಒಂದು ಹೊಸ ಪುಟ ಸೇರಿಸುತ್ತದೆ. ಪರದೆ ನೋಡಿ, ಈ ಬ್ಯಾಶ್‌ನ ಮೆಮೊರಿ ನಕ್ಷೆ ತೆರೆಯುತ್ತೇನೆ. ಇಲ್ಲಿ ಬ್ಯಾಶ್, ಇಲ್ಲಿ ಸಿ ಲೈಬ್ರರಿ, ಕೆಳಗೆ ಸ್ಟ್ಯಾಕ್. ಇಲ್ಲೊಂದು ಸಾಲು, ಚೌಕ ಆವರಣದೊಳಗೆ ಯುಪ್ರೋಬ್ಸ್ ಎಂದು ಬರೆದಿದೆ. ಬ್ಯಾಶ್ ಇದನ್ನು ಕೇಳಿರಲಿಲ್ಲ. ಎಕ್ಸ್86ನಲ್ಲಿ ಈ ಪುಟವನ್ನು 128 ಬೈಟಿನ ಗೂಡುಗಳಾಗಿ ಹಂಚಿರುತ್ತಾರೆ, ಒಟ್ಟು 32 ಗೂಡು. ಪ್ರೋಬ್ ತುಳಿದ ಥ್ರೆಡ್‌ಗೆ ಒಂದು ಗೂಡು ಸಿಗುತ್ತದೆ, ಅಳಿಸಿದ ಮೂಲ ಸೂಚನೆಯ ನಕಲು ಅದರಲ್ಲಿ ಬೀಳುತ್ತದೆ, ಥ್ರೆಡ್ ಅಲ್ಲಿ ಒಂದೇ ಒಂದು ಹೆಜ್ಜೆ ಹಾಕಿ ಮತ್ತೆ ಕರ್ನಲ್‌ಗೆ ಬರುತ್ತದೆ, ಕರ್ನಲ್ ಅದನ್ನು ಮೂಲ ದಾರಿಯಲ್ಲಿ ಮುಂದಿನ ಸೂಚನೆಗೆ ತಲುಪಿಸುತ್ತದೆ. ಮೊದಲ ಗೂಡು ಬೇರೆ ಕೆಲಸಕ್ಕೆ ಮೀಸಲು, ಉಳಿದ 31 ತುಂಬಿದ್ದರೆ ಮೂವತ್ತೆರಡನೆಯ ಥ್ರೆಡ್ ಕಾಯಬೇಕು.

ಬೇರೆ ಜಾಗದಲ್ಲಿ ನಡೆಸುವುದು ಎಂದು ಹೇಳಿದಷ್ಟು ಸಲೀಸಲ್ಲ. ಕೆಲವು ಸೂಚನೆಗಳು ನಾನು ನಿಂತಲ್ಲಿಂದ ಇಷ್ಟು ದೂರದಲ್ಲಿರುವುದನ್ನು ತಾ ಎನ್ನುತ್ತವೆ. ನಮ್ಮ ಮನೆಯಿಂದ ಎಡಕ್ಕೆ ಮೂರನೆಯ ಮನೆ ಎಂಬ ವಿಳಾಸವನ್ನು ಬೇರೆ ಬೀದಿಯಲ್ಲಿ ನಿಂತು ಹುಡುಕಿದರೆ ಸಿಗುವುದು ಇನ್ಯಾರದೋ ಮನೆ. ಅಂಥ ಸೂಚನೆಗಳನ್ನು ಕರ್ನಲ್ ತಿದ್ದಿ ಬರೆಯುತ್ತದೆ: ಆ ಸೂಚನೆಗೆ ಬೇಡದ ಒಂದು ರಿಜಿಸ್ಟರ್ ಹುಡುಕಿ, ಅದರ ಹಳೆಯ ಬೆಲೆಯನ್ನು ಎತ್ತಿಟ್ಟು, ಮೂಲ ಜಾಗದ ವಿಳಾಸವನ್ನು ಅದರಲ್ಲಿ ತುಂಬಿ, ಹೆಜ್ಜೆ ಮುಗಿದ ಮೇಲೆ ಹಳೆಯ ಬೆಲೆಯನ್ನು ಹಿಂದಿಡುತ್ತದೆ. ಕರೆ ಮಾಡುವ ಸೂಚನೆಯಾದರೆ ಸ್ಟ್ಯಾಕ್ ಮೇಲೆ ಬಿದ್ದ ಮರಳುವ ವಿಳಾಸ ಗೂಡಿನದಾಗಿರುತ್ತದೆ, ಅದನ್ನೂ ತಿದ್ದಬೇಕು. ಗೂಡಿನಲ್ಲಿರುವಾಗಲೇ ಒಂದು ಸಿಗ್ನಲ್ ಬಂದರೆ? ಸಿಗ್ನಲ್ ಹ್ಯಾಂಡ್ಲರ್‌ಗೆ ಹೋಗುವ ಮುನ್ನ ಎಲ್ಲಿದ್ದೆ ಎಂದು ಬರೆದುಕೊಳ್ಳುವಾಗ ಗೂಡಿನ ವಿಳಾಸ ಬಹಿರಂಗವಾಗುತ್ತದೆ, ಅಲ್ಲಿಗೆ ಸುಳ್ಳು ಹೊರಬಿತ್ತು. ಆದ್ದರಿಂದ ಆ ಒಂದು ಹೆಜ್ಜೆ ಮುಗಿಯುವ ತನಕ ಸಿಗ್ನಲ್‌ಗಳನ್ನು ಬಾಗಿಲಲ್ಲೇ ಕಾಯಿಸುತ್ತಾರೆ. ಸೂಚನೆಯೇ ತಪ್ಪು ಮೆಮೊರಿ ಮುಟ್ಟಿ ಎಡವಿದರೆ, ಥ್ರೆಡ್ಡನ್ನು ಮೊದಲು ಮೂಲ ವಿಳಾಸಕ್ಕೆ ತಂದು ನಿಲ್ಲಿಸಿ ಆಮೇಲೆ ಶಿಕ್ಷೆ ಕೊಡುತ್ತಾರೆ. ಇಲ್ಲದಿದ್ದರೆ ದೋಷ ಹುಡುಕುವವರು ಇಲ್ಲದ ಊರಿನಲ್ಲಿ ಅಲೆಯುತ್ತಾರೆ.

ಈ ಗೂಡಿನ ದಾರಿ ದುಬಾರಿ, ಒಂದು ಪ್ರೋಬ್‌ಗೆ ಎರಡು ಸಲ ಕರ್ನಲ್‌ಗೆ ಬರಬೇಕು. ಅದಕ್ಕೇ ಸುಲಭದ ಸೂಚನೆಗಳನ್ನು ಕರ್ನಲ್ ತಾನೇ ನಟಿಸಿಬಿಡುತ್ತದೆ. ಏನೂ ಮಾಡದ ಸೂಚನೆ, ಜಿಗಿತ, ನೇರ ಕರೆ, ಆಮೇಲೆ ನಮ್ಮ 55. ರಿಜಿಸ್ಟರನ್ನು ಸ್ಟ್ಯಾಕ್‌ಗೆ ತಳ್ಳುವುದೆಂದರೆ ಎಂಟು ಬೈಟ್ ಬರೆದು ಸ್ಟ್ಯಾಕ್ ಸೂಚಕವನ್ನು ಎಂಟು ಕೆಳಗಿಳಿಸುವುದು, ಅದಕ್ಕೆ ಗೂಡು ಏಕೆ? ಬಹಳಷ್ಟು ಫಂಕ್ಷನ್‌ಗಳು ಶುರುವಾಗುವುದೇ 55ರಿಂದ ಆದ್ದರಿಂದ ಈ ಪುಟ್ಟ ಜಾಣತನ ದೊಡ್ಡ ಉಳಿತಾಯ ತಂದಿತು. ಹಾಗಿದ್ದೂ ಒಂದು ಸಲ ತುಳಿಯುವುದಕ್ಕೆ ಮೈಕ್ರೋಸೆಕೆಂಡಿನ ಆಸುಪಾಸು ಖರ್ಚಿದೆ ಎಂದೇ ಲೆಕ್ಕ ಹಿಡಿಯಿರಿ. ಸೆಕೆಂಡಿಗೆ ನೂರು ಸಲ ನಡೆಯುವ ಫಂಕ್ಷನ್‌ಗೆ ಅದು ಲೆಕ್ಕಕ್ಕಿಲ್ಲ. ಮೆಮೊರಿ ಹಂಚುವ ಮ್ಯಾಲಾಕ್‌ನಂಥದ್ದು ಸೆಕೆಂಡಿಗೆ ಹತ್ತು ಲಕ್ಷ ಸಲ ನಡೆಯುವ ಕಡೆ ಪ್ರೋಬ್ ಹಾಕಿದರೆ, ಒಂದು ಸೆಕೆಂಡಿನ ಕೆಲಸಕ್ಕೆ ಒಂದು ಸೆಕೆಂಡಿನ ತೆರಿಗೆ. ದಯವಿಟ್ಟು ಗ್ರಾಹಕರಿರುವ ಯಂತ್ರದಲ್ಲಿ ಇದನ್ನು ಕುತೂಹಲಕ್ಕೆಂದು ಮಾಡಬೇಡಿ. ಹಿಂದೆ ಪ್ರತಿ ಸಲವೂ ಪಟ್ಟಿಯ ಬೀಗ, ಮೆಮೊರಿ ನಕ್ಷೆಯ ಬೀಗ ಎರಡನ್ನೂ ಹಿಡಿಯಬೇಕಿದ್ದುದರಿಂದ ಪ್ರೊಸೆಸರ್ ಹೆಚ್ಚಿದಷ್ಟೂ ಜಗಳ ಹೆಚ್ಚುತ್ತಿತ್ತು. 2024ರಿಂದೀಚೆಗೆ ಆ ಹುಡುಕಾಟವನ್ನು ಬೀಗವಿಲ್ಲದೆ ಮಾಡುವ ದುರಸ್ತಿ ನಡೆದಿದೆ. ಅದೇ ಒಂದು ಪ್ರತ್ಯೇಕ ಉಪನ್ಯಾಸ, ಇವತ್ತು ಬಿಡೋಣ.

ಈಗ ಜೇಬಿನಿಂದ ಆ ಪ್ರಶ್ನೆ ತೆಗೆಯಿರಿ. ಇಷ್ಟು ಹೊತ್ತು ಹೇಳಿದ್ದು ಫಂಕ್ಷನ್ ಶುರುವಾಗುವ ಜಾಗದ ಪ್ರೋಬ್. ನನ್ನ ಡೆಮೊ ಮುಗಿಯುವ ಜಾಗದ್ದು. ಒಂದು ಫಂಕ್ಷನ್ ಹತ್ತು ಕಡೆಯಿಂದ ಹೊರಬೀಳಬಹುದು, ಹತ್ತೂ ಕಡೆ ಸಿಸಿ ನೆಡುತ್ತ ಹೋಗುವುದು ಆಗದ ಮಾತು. 2013ರಲ್ಲಿ 3.10 ಆವೃತ್ತಿಯ ಜೊತೆ ಬಂದ ಯುರೆಟ್‌ಪ್ರೋಬ್ ಬೇರೆ ದಾರಿ ಹಿಡಿಯುತ್ತದೆ. ಶುರುವಿನಲ್ಲೇ ಸಿಸಿ ತುಳಿದಾಗ, ಸ್ಟ್ಯಾಕ್ ಮೇಲಿರುವ ಮರಳುವ ವಿಳಾಸವನ್ನು ಕದ್ದು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಆ ಜಾಗದಲ್ಲಿ ನಮ್ಮ ಯುಪ್ರೋಬ್ಸ್ ಪುಟದ ಮೊದಲ ಗೂಡಿನ ವಿಳಾಸ ಇಡುತ್ತದೆ. ಫಂಕ್ಷನ್ ಮುಗಿದು ಮನೆಗೆ ಹೊರಟವನು ಬಂದು ಬೀಳುವುದು ಕರ್ನಲ್‌ನ ಕೈಗೆ. ಹ್ಯಾಂಡ್ಲರ್ ನಡೆದು, ಪುಸ್ತಕದಲ್ಲಿ ಬರೆದಿಟ್ಟ ನಿಜವಾದ ವಿಳಾಸಕ್ಕೆ ಕಳಿಸುತ್ತಾರೆ. ನಾನು ಪ್ರೋಬ್ ಹಾಕಿದಾಗ ಬ್ಯಾಶ್ ಏನು ಮಾಡುತ್ತಿತ್ತು? ನನ್ನ ಬೆರಳಿಗೆ ಕಾಯುತ್ತಿತ್ತು, ಅಂದರೆ ಆಗಲೇ ರೀಡ್‌ಲೈನ್ ಒಳಗೆ ಕುಳಿತಿತ್ತು. ಅದು ಬಾಗಿಲು ದಾಟಿದ ಮೇಲೆ ನಾವು ಬಾಗಿಲಲ್ಲಿ ಸಿಸಿ ಇಟ್ಟೆವು. ಅದರ ಮರಳುವ ವಿಳಾಸ ಅಸಲಿಯೇ, ಹಾಗಾಗಿ ಮೊದಲ ಸಾಲು ನಮಗೆ ಹೇಳದೆ ಹೋಯಿತು.

ಸ್ಟ್ಯಾಕ್ ಮೇಲೆ ಸುಳ್ಳು ವಿಳಾಸ ಇಡುವುದು ಈ ವ್ಯವಹಾರದ ಅತಿ ಧೈರ್ಯದ ಸುಳ್ಳು, ಹೆಚ್ಚು ತೊಂದರೆ ತಂದೊಡ್ಡಿದ್ದೂ ಅದೇ. ಫಂಕ್ಷನ್ ತನ್ನೊಳಗೆ ತಾನೇ ಕರೆದುಕೊಳ್ಳುತ್ತ ಹೋದರೆ ಪುಸ್ತಕ ಬೆಳೆಯುತ್ತದೆ, ಹಾಗಾಗಿ 64 ಆಳಕ್ಕೆ ನಿಲ್ಲಿಸುತ್ತಾರೆ, ಅದರಾಚೆಗಿನ ಕರೆಗಳು ಲೆಕ್ಕಕ್ಕೆ ಸಿಗುವುದಿಲ್ಲ. ಸಿ ಭಾಷೆಯ ಲಾಂಗ್‌ಜಂಪ್ ಬಳಸಿ ಯಾರಾದರೂ ಐದು ಮಹಡಿ ಒಂದೇ ಸಲ ಹಾರಿದರೆ ಪುಸ್ತಕದಲ್ಲಿ ಮರಳಿ ಬಾರದವರ ಹೆಸರು ಉಳಿಯುತ್ತದೆ. ಸ್ಟ್ಯಾಕ್ ಸೂಚಕ ಎಲ್ಲಿದೆ ಎಂದು ನೋಡಿ ಅವನ್ನು ಹೊಡೆದುಹಾಕಬೇಕು. ಇನ್ನು ಗೋ ಭಾಷೆಯವರು. ಅವರ ರನ್‌ಟೈಮ್ ಸ್ಟ್ಯಾಕ್ ಸಾಲದಾದಾಗ ಅದನ್ನು ದೊಡ್ಡ ಜಾಗಕ್ಕೆ ಎತ್ತಿಕೊಂಡು ಹೋಗುತ್ತದೆ, ಹೋಗುವಾಗ ಪ್ರತಿ ಮರಳುವ ವಿಳಾಸವೂ ತನ್ನ ಕೋಡ್‌ನದೇ ಎಂದು ನೋಡಿಕೊಳ್ಳುತ್ತದೆ. ನಮ್ಮ ಸುಳ್ಳು ವಿಳಾಸ ಕಂಡರೆ ಅಲ್ಲೇ ಕುಸಿದು ಬೀಳುತ್ತದೆ. ಅವರ ತಪ್ಪಲ್ಲ, ಇಟ್ಟದ್ದು ನಾವು. ಗೋ ಪ್ರೋಗ್ರಾಂಗೆ ಯುರೆಟ್‌ಪ್ರೋಬ್ ಹಾಕಬೇಡಿ. ಮುಗಿಯುವ ಜಾಗಗಳನ್ನು ಹುಡುಕಿ ಒಂದೊಂದಕ್ಕೂ ಸಾಮಾನ್ಯ ಯುಪ್ರೋಬ್ ಹಾಕುವುದೇ ಅಲ್ಲಿ ದಾರಿ.

ನನಗೆ ಅತ್ಯಂತ ಇಷ್ಟವಾದ ಎಡವಟ್ಟು ಇತ್ತೀಚಿನದು. 2024ರಲ್ಲಿ, 6.11 ಆವೃತ್ತಿಯಲ್ಲಿ, ಎಕ್ಸ್86ನ 64 ಬಿಟ್ ಯಂತ್ರಗಳಿಗೆ ಒಂದು ವೇಗದ ಉಪಾಯ ಬಂತು. ಮೊದಲ ಗೂಡಿನಲ್ಲಿ ಸಿಸಿ ಇಟ್ಟು ಟ್ರ್ಯಾಪ್ ಆಗುವ ಬದಲು, ಅಲ್ಲಿಂದ ಒಂದು ಹೊಸ ಸಿಸ್ಟಂ ಕಾಲ್, ಅಂದರೆ ಕರ್ನಲ್‌ಗೆ ನೇರ ಕೋರಿಕೆ, ಮಾಡಿಸುವುದು. ಸಿಸ್ಟಂ ಕಾಲ್ ಟ್ರ್ಯಾಪ್‌ಗಿಂತ ಅಗ್ಗ. ಎಲ್ಲ ಚೆನ್ನಾಗಿತ್ತು. ಆದರೆ ಕಂಟೇನರ್‌ಗಳಲ್ಲಿ ಸೆಕ್‌ಕಾಂಪ್ ಎಂಬ ಕಾವಲುಗಾರನಿರುತ್ತಾನೆ: ಈ ಪ್ರೋಸೆಸ್ ಈ ಈ ಸಿಸ್ಟಂ ಕಾಲ್ ಮಾತ್ರ ಮಾಡಬಹುದು, ಬೇರೆ ಮಾಡಿದರೆ ತಡೆ ಅಥವಾ ಸಾವು. ಅವನ ಪಟ್ಟಿಯಲ್ಲಿ ಈ ಹೊಸ ಹೆಸರಿಲ್ಲ. ತನ್ನ ಪಾಡಿಗೆ ತಾನಿದ್ದ ಪ್ರೋಸೆಸ್‌ನ ಬಾಯಿಂದ ಕರ್ನಲ್ಲೇ ಒಂದು ಮಾತು ಆಡಿಸಿತು, ಕರ್ನಲ್‌ನದೇ ಕಾವಲುಗಾರ ಆ ಮಾತಿಗಾಗಿ ಅದನ್ನು ಹೊಡೆದ. ಮುಂದಿನ ವರ್ಷ, ಈ ಒಂದು ಕರೆಯನ್ನು ನೋಡಿಯೂ ನೋಡದಂತೆ ಬಿಟ್ಟುಬಿಡು ಎಂದು ಸೆಕ್‌ಕಾಂಪ್‌ಗೇ ಹೇಳಿ ಸರಿಪಡಿಸಿದರು.

ಮುಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ: ಹಾಗಾದರೆ ನನ್ನ ಪಾಸ್‌ವರ್ಡನ್ನೂ ಹೀಗೇ ನೋಡಬಹುದೇ? ನೋಡಬಹುದು. ಟಿಎಲ್‌ಎಸ್ ಲೈಬ್ರರಿಗೆ ಹೋಗುವ ಅಕ್ಷರಗಳು ಆ ಬಾಗಿಲಲ್ಲಿ ಇನ್ನೂ ಬೆತ್ತಲೆಯಾಗಿರುತ್ತವೆ. ಅದಕ್ಕೇ ಪ್ರೋಬ್ ಹಾಕಲು ರೂಟ್ ಅಥವಾ ಅದಕ್ಕೆ ಸಮೀಪದ ಅಧಿಕಾರ ಬೇಕು, ಮತ್ತು ಆ ಅಧಿಕಾರವನ್ನು ಅನುಕೂಲಕ್ಕೆಂದು ಎಲ್ಲರಿಗೂ ಹಂಚುವ ಕಚೇರಿಗಳನ್ನು ಕಂಡರೆ ನನಗೆ ಭಯ.

ಮುಗಿಸುವ ಮುನ್ನ ಬಲಗಡೆಯ ಬಿಪಿಎಫ್‌ಟ್ರೇಸ್ ನಿಲ್ಲಿಸುತ್ತೇನೆ. ಪ್ರೋಬ್ ಹೋಯಿತು, ಸಿಸಿ ಇದ್ದಲ್ಲಿ ಮತ್ತೆ ಹಳೆಯ ಬೈಟ್ ಬಂತು. ಆದರೆ ಬ್ಯಾಶ್ ಈಗಲೂ ರೀಡ್‌ಲೈನ್ ಒಳಗೇ ಕಾಯುತ್ತಿದೆ, ಅದರ ಸ್ಟ್ಯಾಕ್ ಮೇಲೆ ನಾವಿಟ್ಟ ಸುಳ್ಳು ವಿಳಾಸ ಇನ್ನೂ ಇದೆ. ಎಂಟರ್ ಒತ್ತುತ್ತೇನೆ. ಬಲಗಡೆ ಏನೂ ಬರಲಿಲ್ಲ, ಬ್ಯಾಶ್ ಸಾಯಲೂ ಇಲ್ಲ. ಕರ್ನಲ್ ತನ್ನ ಪುಸ್ತಕ ನೋಡಿ ಅದನ್ನು ಸದ್ದಿಲ್ಲದೆ ಮನೆಗೆ ತಲುಪಿಸಿತು. ಈಗ ಮೆಮೊರಿ ನಕ್ಷೆ ಮತ್ತೆ ತೆರೆಯುತ್ತೇನೆ. ಚೌಕ ಆವರಣದ ಯುಪ್ರೋಬ್ಸ್ ಸಾಲು ಇನ್ನೂ ಅಲ್ಲೇ ಇದೆ, ನೋಡಿ. ಈ ಬ್ಯಾಶ್ ಇರುವವರೆಗೂ ಅದು ಇರುತ್ತದೆ. ಎಕ್ಸಿಟ್ ಎಂದು ಬರೆಯುತ್ತೇನೆ. ಈಗ ಹೋಯಿತು.